ರಿಕಂಬೆಂಟ್ ಟ್ರೈಕ್: ಮೊದಲು ಸೀಟು, ಆಮೇಲೆ ಬೂಮ್

ವಿಜಯಪುರ, ಬಾಗಲಕೋಟೆ ಸೀಮೆ ರಾಷ್ಟ್ರಮಟ್ಟದ ಸೈಕ್ಲಿಸ್ಟುಗಳನ್ನು ಕೊಟ್ಟ ನೆಲ. ಸೊಂಟನೋವಿಗೋ ಬೀಳುವ ಭಯಕ್ಕೋ ಸೈಕಲ್ ಬಿಟ್ಟವರೂ ಇಲ್ಲಿದ್ದಾರೆ. ಒರಗಿ ಕುಳಿತು, ಕಾಲು ಮುಂದಕ್ಕೆ ಚಾಚಿ ತುಳಿಯುವ ಮೂರು ಗಾಲಿಯ ರಿಕಂಬೆಂಟ್ ಟ್ರೈಕ್ ಅಂಥವರಿಗೆ ಒಳ್ಳೆಯ ದಾರಿ. ಆದರೆ ಅದು ಮೈಗೆ ಹೊಂದಬೇಕು.

ಮಾಮೂಲಿ ಸೈಕಲ್‌ನಲ್ಲಿ ಜೋರಾಗಿ ಒತ್ತಿದರೆ ಮೈ ಮೇಲೇಳುತ್ತದೆ. ಇಲ್ಲಿ ಬೆನ್ನಿಗೆ ಸೀಟಿನ ಆಸರೆ ಇರುವುದರಿಂದ ಒತ್ತಿದ್ದೆಲ್ಲ ಮೊಣಕಾಲಿನ ಮೇಲೆಯೇ ಬೀಳುತ್ತದೆ. ಅಳತೆ ತಪ್ಪಿದರೆ ಮೊದಲು ನೋಯುವುದೂ ಅದೇ.

ಸೀಟಿನ ಓರೆಯಿಂದ ಶುರು ಮಾಡಿ. ಕತ್ತು ಬಿಗಿಯದೆ ರಸ್ತೆ ಕಾಣುವಷ್ಟು ಒರಗಿದರೆ ಸಾಕು. ಓರೆ ಬದಲಾದರೆ ಪೆಡಲಿನ ದೂರವೂ ಬದಲಾಗುತ್ತದೆ, ಹಾಗಾಗಿ ಬೂಮ್‌ಗೆ, ಅಂದರೆ ಪೆಡಲ್ ಹೊತ್ತ ಮುಂದಿನ ಕೊಳವೆಗೆ, ಆಮೇಲೆಯೇ ಕೈಹಾಕಿ.

ದಿನಾ ಹಾಕುವ ಶೂ ಹಾಕಿಕೊಂಡು, ಸೊಂಟವನ್ನು ಸೀಟಿಗೆ ಪೂರ್ತಿ ತಾಗಿಸಿ ಕುಳಿತುಕೊಳ್ಳಿ. ಪೆಡಲ್ ಅತಿ ದೂರದಲ್ಲಿದ್ದಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು, ಸೊಂಟ ಜರುಗಬಾರದು. ಈಗ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲು ತುಸು ಮಡಚಿಯೇ ಇರುತ್ತದೆ. ಅದೇ ಸರಿಯಾದ ಅಳತೆ. ಮೊಣಕಾಲಿನ ಮುಂದೆ ನೋವು ಬಂದರೆ ಬೂಮ್ ಗಿಡ್ಡವಾಗಿರಬಹುದು. ಹಿಂದೆ ಸೆಳೆದರೆ, ಇಲ್ಲವೇ ಸೊಂಟ ಅತ್ತಿತ್ತ ಆಡಿದರೆ ಉದ್ದವಾಗಿರಬಹುದು. ಒಂದೇ ಸಲ ಬಹಳ ಸರಿಸಬೇಡಿ. ಅರ್ಧ ಸೆಂಟಿಮೀಟರ್ ಸರಿಸಿ, ಓಡಿಸಿ ನೋಡಿ.

ಬೋಲ್ಟ್ ಸಡಿಲಿಸುವ ಮುನ್ನ ಹಳೆಯ ಜಾಗಕ್ಕೆ ಟೇಪ್ ಅಂಟಿಸಿಡಿ. ಎಳೆಯುವಾಗ ಕೊಳವೆ ತಿರುಚಿಕೊಂಡರೆ ಒಂದು ಪೆಡಲ್ ಮೇಲೆ, ಇನ್ನೊಂದು ಕೆಳಗೆ ವಾಲುತ್ತದೆ. ಸಮನೆಲದ ಮೇಲೆ ನಿಲ್ಲಿಸಿ, ಮುಂದಿನ ಡಿರೇಲರ್, ಅಂದರೆ ಗೇರ್ ಬದಲಿಸುವ ಸಾಧನ, ಕೂತಿರುವ ಕಂಬದ ಪಕ್ಕ ಗೌಂಡಿಗಳ ತೂಗುಗುಂಡು ಇಳಿಬಿಟ್ಟು ನೋಡಿ, ಆಮೇಲೆ ಬಿಗಿಮಾಡಿ.

ಚೈನನ್ನು ಮರೆಯಬೇಡಿ. ಬೂಮ್ ಒಂದು ಇಂಚು ಮುಂದೆ ಹೋದರೆ ಚೈನು ಎರಡು ಇಂಚು ಹೆಚ್ಚು ಬೇಕು, ಅಂದರೆ ನಾಲ್ಕು ಲಿಂಕ್. ಬಹಳ ಹಿಂದೆ ತಂದರೆ ಜೋಲುತ್ತದೆ, ಕಡಿಮೆ ಮಾಡಿಸಿ.

ಪಾದವನ್ನು ಪಟ್ಟಿಯಿಂದಲೋ ಕ್ಲಿಪ್‌ನಿಂದಲೋ ಪೆಡಲಿಗೆ ಕಟ್ಟಲೇಬೇಕು. ಓಡುವಾಗ ಪಾದ ಜಾರಿ ನೆಲ ತಾಕಿದರೆ, ಟ್ರೈಕ್ ಅದರ ಮೇಲೆಯೇ ಸಾಗಿ ಕಾಲನ್ನು ಅಡಿಗೆ ಎಳೆದುಕೊಳ್ಳುತ್ತದೆ, ಮೂಳೆ ಮುರಿದೀತು.

ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ಓಡಿಸುವವರು ಹಿಂದೆ ಎತ್ತರದ ಬಾವುಟವನ್ನೂ ಎರಡೂ ಬದಿಗೆ ಕನ್ನಡಿಗಳನ್ನೂ ಹಾಕಿಕೊಳ್ಳಿ. ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರ್ ಚಾಲಕನಿಗೆ ನೆಲಮಟ್ಟದ ಈ ಗಾಡಿ ಸುಲಭವಾಗಿ ಕಾಣುವುದಿಲ್ಲ.