ಸಾಲಿಗೆ ಸಾಲೇ ‘ಆರ್’ ಬಂದಾಗ: ಐಸಿಯುನಲ್ಲಿ ನಾವು ಅನುಸರಿಸುವ ಕ್ರಮ

ವೆಂಟಿಲೇಟರ್ ಮೇಲಿರುವ ರೋಗಿಯ ಕಫದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟ್ ಬಂದಿದೆ. ಬೆಳೆದದ್ದು ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ. ಸೆಫ್ಟ್ರಿಯಾಕ್ಸೋನ್, ಪೈಪರಾಸಿಲಿನ್, ಅಮಿಕಾಸಿನ್, ಮೆರೋಪೆನೆಮ್ ಎಲ್ಲದರ ಮುಂದೆಯೂ ‘ಆರ್’, ಅಂದರೆ ರೆಸಿಸ್ಟೆಂಟ್, ಆ ಆ್ಯಂಟಿಬಯಾಟಿಕ್ ಅದರ ಮೇಲೆ ಕೆಲಸ ಮಾಡದು. ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಎದುರು ಮಾತ್ರ ‘ಐ’, ಅಂದರೆ ಇಂಟರ್‌ಮೀಡಿಯೆಟ್. (2020ರಿಂದ ಲ್ಯಾಬ್ ಮಾನದಂಡ ರೂಪಿಸುವ ಸಿಎಲ್‌ಎಸ್‌ಐ ಸಂಸ್ಥೆಯ ಪಟ್ಟಿಯಲ್ಲಿ ಕೊಲಿಸ್ಟಿನ್‌ಗೆ ‘ಎಸ್’, ಅಂದರೆ ಔಷಧಕ್ಕೆ ಬಗ್ಗುತ್ತದೆ ಎಂಬ ಗುರುತೇ ಇಲ್ಲ, ಹಾಗಾಗಿ ಆ ‘ಐ’ ನೋಡಿ ಗಾಬರಿಯಾಗಬೇಕಿಲ್ಲ.) ಡ್ಯೂಟಿ ಡಾಕ್ಟರ ಕೈ ತಕ್ಷಣ ಕೊಲಿಸ್ಟಿನ್ ಕಡೆಗೆ ಹೋಗುತ್ತದೆ. ನಮ್ಮಲ್ಲಿ ಆ ಕೈಯನ್ನು ಒಂದು ಪ್ರಶ್ನೆ ತಡೆಯುತ್ತದೆ: ಈ ಸ್ಯಾಂಪಲ್ ಕಳಿಸಿದ್ದು ಯಾಕೆ?

ಉಸಿರಾಟದ ಟ್ಯೂಬ್ ಹಾಕಿ ಕೆಲವು ದಿನ ಕಳೆದರೆ ಅದರ ಒಳಗೋಡೆಗೆ ಬ್ಯಾಕ್ಟೀರಿಯಾದ ಲೋಳೆಪದರ ಅಂಟಿಕೊಳ್ಳುತ್ತದೆ. ಆಮೇಲೆ ಸಕ್ಷನ್ ಮಾಡಿ ಕಫ ಎಳೆದಾಗೆಲ್ಲ ಕಲ್ಚರ್‌ನಲ್ಲಿ ಏನಾದರೊಂದು ಬೆಳೆದೇ ಬೆಳೆಯುತ್ತದೆ. ಬೆಳೆದದ್ದೆಲ್ಲ ನ್ಯುಮೋನಿಯಾ ಅಲ್ಲ. ಎಕ್ಸ್‌ರೇಯಲ್ಲಿ ಹೊಸ ಮಸುಕು, ಜೊತೆಗೆ ಜ್ವರ ಅಥವಾ ಬಿಳಿ ರಕ್ತಕಣಗಳ ಏರಿಳಿತ, ಕೀವಿನಂಥ ಕಫ, ನಿನ್ನೆಗಿಂತ ಹೆಚ್ಚು ಆಕ್ಸಿಜನ್ ಅಥವಾ ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ವೆಂಟಿಲೇಟರ್ ಉಳಿಸುವ ಒತ್ತಡ) ಬೇಕಾಗಿರುವುದು, ಇವು ಕೂಡಿ ಬಂದರಷ್ಟೇ ಚಿಕಿತ್ಸೆ. ಗ್ರಾಂ ಸ್ಟೇನ್ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಏನು ಹೇಳುತ್ತದೆ ಎಂದು ಮೈಕ್ರೋಬಯಾಲಜಿಗೆ ಫೋನ್ ಮಾಡಿ ಕೇಳುತ್ತೇವೆ. ಲೋ ಪವರ್‌ನಲ್ಲಿ ಒಂದು ಫೀಲ್ಡ್‌ಗೆ 10ಕ್ಕಿಂತ ಹೆಚ್ಚು ಚಪ್ಪಟೆ ಎಪಿಥೀಲಿಯಲ್ ಕೋಶ ಕಂಡರೆ ಅದು ಬಾಯಿಯ ಎಂಜಲು, ಶ್ವಾಸಕೋಶದ ಕಫವಲ್ಲ. ಕೀವುಕೋಶವೇ ಇಲ್ಲದಿದ್ದರೂ ಸಂಶಯ ಪಡಬೇಕು. ಬ್ಯಾಕ್ಟೀರಿಯಾ ಎಣಿಕೆ ಮಾಡುವ ಲ್ಯಾಬ್ ಆದರೆ ಮಿ.ಲೀ.ಗೆ 1 ಲಕ್ಷ ಕಾಲೊನಿಯ ಗೆರೆ ದಾಟಿದೆಯೇ ನೋಡುತ್ತೇವೆ.

ಲಕ್ಷಣವಿಲ್ಲದೆ, ಲೆಕ್ಕಕ್ಕೊಂದು ಇರಲಿ ಎಂದು ಕಲ್ಚರ್ ಕಳಿಸುವ ಪದ್ಧತಿ ಇರುವ ಕಡೆ ಮೊದಲು ಅದನ್ನು ನಿಲ್ಲಿಸಬೇಕು. ರಿಪೋರ್ಟ್ ಕೈಗೆ ಬಂದಮೇಲೆ ಔಷಧ ಕೊಡದೆ ಸುಮ್ಮನಿರುವ ಧೈರ್ಯ ಯಾರಿಗೂ ಬರುವುದಿಲ್ಲ. ಕಫದಲ್ಲಿ ಕ್ಯಾಂಡಿಡಾ ಬೆಳೆದರೆ ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ಮೂತ್ರವನ್ನು ಯೂರೋಬ್ಯಾಗ್‌ನಿಂದ ಎಂದೂ ತೆಗೆಯುವುದಿಲ್ಲ. ಕ್ಯಾತಿಟರ್ ಹಾಕಿ ಎರಡು ವಾರ ದಾಟಿದ್ದರೆ ಬದಲಿಸಿ, ಹೊಸದರಿಂದ ತೆಗೆಯುತ್ತೇವೆ.

ಬ್ಲಡ್ ಕಲ್ಚರ್ ಹಾಗಲ್ಲ. ಅದು ಎಷ್ಟಿದ್ದರೂ ಬೇಕು, ಆದರೆ ತೆಗೆಯುವ ರೀತಿ ಸರಿಯಿರಬೇಕು. ಆ್ಯಂಟಿಬಯಾಟಿಕ್ ಮೊದಲ ಡೋಸ್‌ಗೆ ಮುಂಚೆ, ಎರಡು ಬೇರೆ ಬೇರೆ ಜಾಗದಿಂದ ಎರಡು ಸೆಟ್ (ಒಂದು ಸೆಟ್ ಎಂದರೆ ಎರಡು ಬಾಟಲಿ). ಒಂದೊಂದು ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ. ನಮ್ಮಲ್ಲಿ ಕಲ್ಚರ್ ‘ನೋ ಗ್ರೋತ್’ ಬರುವುದಕ್ಕೆ ದೊಡ್ಡ ಕಾರಣವೇ 2-3 ಮಿ.ಲೀ. ಎಳೆದು ಎರಡೂ ಬಾಟಲಿಗೆ ಹಂಚುವುದು. ಚರ್ಮವನ್ನು ಆಲ್ಕೋಹಾಲ್ ಬೆರೆತ 2% ಕ್ಲೋರ್‌ಹೆಕ್ಸಿಡಿನ್‌ನಿಂದ 30 ಸೆಕೆಂಡು ಉಜ್ಜಿ, ಒಣಗುವವರೆಗೆ ಕಾಯಬೇಕು. ಊದಿ ಒಣಗಿಸಬಾರದು, ಒರೆಸಿದ ಮೇಲೆ ರಕ್ತನಾಳ ಹುಡುಕಲು ಮತ್ತೆ ಬೆರಳು ಮುಟ್ಟಿಸಬಾರದು. ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಕಾಣುವ ರಬ್ಬರ್ ಸ್ಟೆರೈಲ್ ಅಲ್ಲ, ಅದನ್ನೂ 70% ಆಲ್ಕೋಹಾಲ್‌ನಿಂದ ಒರೆಸಬೇಕು. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ) ಇದ್ದರೆ ಒಂದು ಸೆಟ್ ಲೈನ್‌ನಿಂದ, ಇನ್ನೊಂದು ಕೈಯಿಂದ, ಎರಡೂ ಒಂದೇ ಹೊತ್ತಿಗೆ, ಒಂದೇ ಪ್ರಮಾಣ. ಲೈನ್‌ನ ಬಾಟಲಿ ಕೈಯಿಂದ ತೆಗೆದದ್ದಕ್ಕಿಂತ ಕನಿಷ್ಠ ಎರಡು ಗಂಟೆ ಮುಂಚೆ ಪಾಸಿಟಿವ್ ಆದರೆ ಸೋಂಕಿನ ಮೂಲ ಆ ಲೈನೇ.

ಸೋಂಕು ಎಂದು ಖಾತ್ರಿಯಾದ ಮೇಲೆ ಔಷಧ. ಕ್ಲೆಬ್ಸಿಯೆಲ್ಲಾ ಮೆರೋಪೆನೆಮ್‌ಗೆ ರೆಸಿಸ್ಟೆಂಟ್ ಎಂದಷ್ಟೇ ತಿಳಿದರೆ ಸಾಲದು, ಔಷಧ ಒಡೆಯುವ ಯಾವ ಕಿಣ್ವದಿಂದ ಎಂಬುದು ಬೇಕು. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಎನ್‌ಡಿಎಂ (ನ್ಯೂ ಡೆಲ್ಲಿ ಮೆಟಲೊ-ಬೀಟಾ-ಲ್ಯಾಕ್ಟಮೇಸ್) ಮತ್ತು ಆಕ್ಸಾ-48 ಗುಂಪು, ಎಷ್ಟೋ ಸಲ ಎರಡೂ ಒಟ್ಟಿಗೆ. (ದೆಹಲಿಯ ಹೆಸರಿಟ್ಟಿದ್ದಕ್ಕೆ 2010ರಲ್ಲಿ ಆದ ಗಲಾಟೆ ಹಲವರಿಗೆ ನೆನಪಿರಬಹುದು. ಕಿಣ್ವಕ್ಕೆ ಊರಿನ ಹಂಗಿಲ್ಲ.) ಆಕ್ಸಾ-48 ಮಾತ್ರ ಇದ್ದರೆ ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಸಾಕು. ಎನ್‌ಡಿಎಂ ಇದ್ದರೆ ಅದೊಂದರಿಂದ ಆಗದು. ಎನ್‌ಡಿಎಂ ಕೈಗೆ ಸಿಗದ ಔಷಧ ಆಜ್‌ಟ್ರಿಯೊನಾಮ್, ಆದರೆ ಅದೇ ಬ್ಯಾಕ್ಟೀರಿಯಾದಲ್ಲಿರುವ ಬೇರೆ ಕಿಣ್ವಗಳು ಅದನ್ನು ಒಡೆಯುತ್ತವೆ. ಅವನ್ನು ಅವಿಬ್ಯಾಕ್ಟಮ್ ತಡೆಯುತ್ತದೆ. ಅದಕ್ಕೇ ಎರಡೂ ಜೊತೆಯಾಗಿ ಬೇಕು. ಇಲ್ಲಿ ಆಗುವ ಎಡವಟ್ಟು ಒಂದೇ: ಒಂದನ್ನು ಆರು ಗಂಟೆಗೆ, ಇನ್ನೊಂದನ್ನು ಹತ್ತು ಗಂಟೆಗೆ ಕೊಡುವುದು. ಕಾವಲುಗಾರ ಬರುವ ಹೊತ್ತಿಗೆ ಕಳ್ಳತನ ಮುಗಿದಿರುತ್ತದೆ. 2.5 ಗ್ರಾಂ ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಮತ್ತು 2 ಗ್ರಾಂ ಆಜ್‌ಟ್ರಿಯೊನಾಮ್ ಎರಡನ್ನೂ ಒಂದೇ ಸಮಯಕ್ಕೆ ಶುರುಮಾಡಿ, 3 ಗಂಟೆ ಓಡಿಸಿ, 8 ಗಂಟೆಗೊಮ್ಮೆ ಕೊಡುತ್ತೇವೆ. ಕಿಡ್ನಿ ಸೋತಿದ್ದರೆ ಡೋಸ್ ಇಳಿಸಬೇಕು, ಲಿವರ್ ಎನ್‌ಜೈಮ್ ಏರುತ್ತಿದೆಯೇ ನೋಡುತ್ತಿರಬೇಕು.

ಖರ್ಚು ದಿನಕ್ಕೆ ಸಾವಿರಗಟ್ಟಲೆ ಆಗುವುದರಿಂದ ಶುರುಮಾಡುವ ಮೊದಲು ಲ್ಯಾಬ್‌ನಲ್ಲಿ ಒಂದು ಸರಳ ಪರೀಕ್ಷೆ ಮಾಡಿಸುತ್ತೇವೆ. ತಲಾ 2 ಮಿ.ಲೀ. ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಇರುವ ನಾಲ್ಕು ಟ್ಯೂಬ್. ಒಂದರಲ್ಲಿ ಔಷಧದ ಡಿಸ್ಕ್ ಇಲ್ಲ, ಒಂದರಲ್ಲಿ ಆಜ್‌ಟ್ರಿಯೊನಾಮ್ ಡಿಸ್ಕ್, ಒಂದರಲ್ಲಿ ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಡಿಸ್ಕ್, ಕೊನೆಯದರಲ್ಲಿ ಎರಡೂ. ಮೊದಲ ಮೂರು ಬ್ಯಾಕ್ಟೀರಿಯಾ ಬೆಳೆದು ಕದಡಿ, ಎರಡೂ ಇರುವುದು ಮಾತ್ರ ತಿಳಿಯಾಗಿದ್ದರೆ ಜೋಡಿ ಕೆಲಸ ಮಾಡುತ್ತದೆ.

ಕೊಲಿಸ್ಟಿನ್ ಕೊಡಲೇಬೇಕಾದಾಗ ಮಿಲಿಗ್ರಾಂನಲ್ಲಿ ಬರೆಯಲು ನಾವು ಯಾರಿಗೂ ಬಿಡುವುದಿಲ್ಲ. 10 ಲಕ್ಷ ಯೂನಿಟ್ ಎಂದರೆ ಸುಮಾರು 80 ಮಿ.ಗ್ರಾಂ ಲವಣ (ವಯಲ್‌ನಲ್ಲಿರುವ ರೂಪ), ಅದೇ ಬೇಸ್ (ಅದರಲ್ಲಿನ ಕೊಲಿಸ್ಟಿನ್ ಅಂಶ) ಲೆಕ್ಕದಲ್ಲಿ ಸುಮಾರು 33 ಮಿ.ಗ್ರಾಂ. ಬೇಸ್ ಲೆಕ್ಕದ 300 ಮಿ.ಗ್ರಾಂ ಅನ್ನು ಲವಣ ಎಂದು ಓದಿಕೊಂಡರೆ ರೋಗಿಗೆ ಅರ್ಧದಷ್ಟೂ ಔಷಧ ಹೋಗುವುದಿಲ್ಲ. ಆದ್ದರಿಂದ ಚಾರ್ಟ್‌ನಲ್ಲಿ ‘ಲೋಡಿಂಗ್ 90 ಲಕ್ಷ ಯೂನಿಟ್’ ಎಂದೇ ಇರಬೇಕು, ಲೋಡಿಂಗ್ ಎಂದರೆ ಮೊದಲ ದೊಡ್ಡ ಡೋಸ್. 12 ಗಂಟೆ ನಂತರ 45 ಲಕ್ಷ, ದಿನಕ್ಕೆರಡು ಬಾರಿ, ಕಿಡ್ನಿ ನೋಡಿಕೊಂಡು. ಕ್ರಿಯಾಟಿನಿನ್ ಹೆಚ್ಚಿದೆ ಎಂದು ಲೋಡಿಂಗ್ ಡೋಸನ್ನು ಕಡಿಮೆ ಮಾಡುವಂತಿಲ್ಲ, ಇಲ್ಲದಿದ್ದರೆ ರಕ್ತದಲ್ಲಿ ಬೇಕಾದ ಮಟ್ಟ ಮುಟ್ಟಲು ಒಂದೆರಡು ದಿನ ಹಿಡಿಯುತ್ತದೆ. ರಕ್ತದ ಸೋಂಕಿಗೆ ನಾವು ಅದೇ ಗುಂಪಿನ ಪಾಲಿಮಿಕ್ಸಿನ್ ಬಿ ಇಷ್ಟಪಡುತ್ತೇವೆ. ಕೆ.ಜಿ.ಗೆ 25,000 ಯೂನಿಟ್ ಲೋಡಿಂಗ್, 60 ಕೆ.ಜಿ. ರೋಗಿಗೆ 15 ಲಕ್ಷ, ಅಂದರೆ 5 ಲಕ್ಷದ ಮೂರು ವಯಲ್. ಆಮೇಲೆ 12 ಗಂಟೆಗೊಮ್ಮೆ ಸುಮಾರು ಅದರ ಅರ್ಧ. ಕಿಡ್ನಿಗೆ ತಕ್ಕಂತೆ ಡೋಸ್ ಬದಲಿಸಬೇಕಿಲ್ಲ, ಆದರೂ ಕಿಡ್ನಿಯನ್ನು ಇದೂ ಕೆಡಿಸಬಲ್ಲದು, ದಿನಾ ಕ್ರಿಯಾಟಿನಿನ್ ಬೇಕು. ಮೂತ್ರದ ಸೋಂಕಿಗೆ ಮಾತ್ರ ಕೊಲಿಸ್ಟಿನ್ನೇ ಸರಿ, ಪಾಲಿಮಿಕ್ಸಿನ್ ಬಿ ಮೂತ್ರಕ್ಕೆ ಸಾಕಷ್ಟು ಇಳಿಯುವುದಿಲ್ಲ. ಪಾಲಿಮಿಕ್ಸಿನ್ ಬಿ ಕೊಡುವಾಗ ಕೆಲವರ ಮುಖ, ಕುತ್ತಿಗೆ ಕಪ್ಪಾಗುತ್ತದೆ. ಮನೆಯವರಿಗೆ ಮೊದಲೇ ಹೇಳಿರದಿದ್ದರೆ ಗಾಬರಿಯಾಗುತ್ತಾರೆ.

ಮೆರೋಪೆನೆಮ್ ಇನ್ನೂ ಕೆಲಸ ಮಾಡುವ ಬ್ಯಾಕ್ಟೀರಿಯಾ ಸಿಕ್ಕರೆ ಅದನ್ನು ಹಾಳುಮಾಡಿಕೊಳ್ಳಬಾರದು. ಮೊದಲ ಡೋಸ್ 30 ನಿಮಿಷದಲ್ಲಿ, ನಂತರದವು 3 ಗಂಟೆಯ ಇನ್‌ಫ್ಯೂಷನ್, ಗ್ಲೂಕೋಸ್ ಬದಲು ಸಲೈನ್‌ನಲ್ಲಿ. ಕಲಸಿಟ್ಟು ನಂತರ ಹಾಕುವ ಅಭ್ಯಾಸ ಬೇಡ, ಬೇಸಿಗೆಯಲ್ಲಂತೂ ಬೇಡವೇ ಬೇಡ. 100 ಮಿ.ಲೀ. ಸಲೈನ್‌ನಲ್ಲಿ ಹಾಕಿದರೆ ಡೋಸಿನ ಗಣನೀಯ ಪಾಲು ಸೆಟ್‌ನ ನಳಿಕೆಯಲ್ಲೇ ಉಳಿದು ಕಸದ ಬುಟ್ಟಿಗೆ ಹೋಗುತ್ತದೆ. ಸಿರಿಂಜ್ ಪಂಪ್ ಬಳಸಿ, ಇಲ್ಲವೇ ಕೊನೆಗೆ ಸಲೈನ್ ಓಡಿಸಿ.

ನಿಲ್ಲಿಸುವ ದಿನವನ್ನು ಶುರುವಿನಲ್ಲೇ ಬರೆದಿಡುತ್ತೇವೆ. ವೆಂಟಿಲೇಟರ್ ನ್ಯುಮೋನಿಯಾಗೆ ಸಾಮಾನ್ಯವಾಗಿ 7 ದಿನ. ಸೋಂಕಿನ ಮೂಲವನ್ನು ತೆಗೆದಿದ್ದು ರೋಗಿ ಚೇತರಿಸಿಕೊಳ್ಳುತ್ತಿದ್ದರೆ ಗ್ರಾಂ ನೆಗೆಟಿವ್ ರಕ್ತಸೋಂಕಿಗೂ 7. ರಕ್ತದಲ್ಲಿ ಸೋಂಕಿನ ಸೂಚಕವಾದ ಪ್ರೊಕ್ಯಾಲ್ಸಿಟೋನಿನ್ ಗರಿಷ್ಠದಿಂದ 80% ಇಳಿದಿದ್ದರೆ ನಿಲ್ಲಿಸಲು ಧೈರ್ಯ ಬರುತ್ತದೆ. ಶುರುಮಾಡಲು ಅದನ್ನು ನಂಬುವುದಿಲ್ಲ.

ಪಕ್ಕದ ಹಾಸಿಗೆಗೆ ಹರಡುವುದು ಬಹುಪಾಲು ಕೈಯಿಂದ. ಗ್ಲೌಸ್ ಹಾಕಿದ್ದೇನಲ್ಲ ಎಂಬ ನಂಬಿಕೆಯೇ ದೊಡ್ಡ ಸಮಸ್ಯೆ. ಸಕ್ಷನ್ ಮಾಡಿದ ಅದೇ ಗ್ಲೌಸಲ್ಲಿ ವೆಂಟಿಲೇಟರ್ ಸ್ಕ್ರೀನ್ ಒತ್ತಿ, ಲೈನ್‌ನ ಹಬ್ ತೆರೆಯುವುದನ್ನು ದಿನಾ ಕಾಣುತ್ತೇವೆ. ಅಸಿನೆಟೊಬ್ಯಾಕ್ಟರ್ ಒಣ ಮೇಲ್ಮೈಯಲ್ಲಿ ವಾರಗಟ್ಟಲೆ ಬದುಕುತ್ತದೆ. ಅಲ್ಟ್ರಾಸೌಂಡ್ ಪ್ರೋಬ್, ಎಕ್ಸ್‌ರೇ ಕ್ಯಾಸೆಟ್, ನಮ್ಮದೇ ಮೊಬೈಲ್ ಆ ಪಟ್ಟಿಯಲ್ಲಿವೆ. ಇನ್ನೊಂದು ಅಡಗುತಾಣ ಸಿಂಕ್. ಉಳಿದ ಗ್ಲೂಕೋಸ್, ಟ್ಯೂಬ್ ಫೀಡ್, ಟೀ ಸುರಿದರೆ ಡ್ರೈನ್‌ನಲ್ಲಿರುವ ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್‌ಗೆ ಹಬ್ಬ. ಐಸಿಯು ಸಿಂಕ್ ಕೈ ತೊಳೆಯಲು ಮಾತ್ರ, ಅದರ ಒಂದು ಮೀಟರ್ ಆಸುಪಾಸಿನಲ್ಲಿ ಇಂಜೆಕ್ಷನ್ ತಯಾರಿಸುವಂತಿಲ್ಲ.

ರೋಗಿಯನ್ನು ಬೇರೆ ಆಸ್ಪತ್ರೆಗೆ ಕಳಿಸುವಾಗ ಯಾವ ಬ್ಯಾಕ್ಟೀರಿಯಾ, ಯಾವ ಸ್ಯಾಂಪಲ್‌ನಲ್ಲಿ, ಯಾವ ದಿನಾಂಕ, ಸೋಂಕೋ ಬರೀ ಇರುವಿಕೆಯೋ ಎಂಬುದನ್ನು ಸಮ್ಮರಿಯ ಮೊದಲ ಪುಟದ ಮೇಲ್ಭಾಗದಲ್ಲೇ ಬರೆಯುತ್ತೇವೆ. ಆ್ಯಂಬುಲೆನ್ಸ್ ಹೊರಡುವ ಮೊದಲು ಅಲ್ಲಿನ ಐಸಿಯುಗೆ ಫೋನ್ ಕೂಡ ಮಾಡುತ್ತೇವೆ, ಅವರು ಮೂಲೆಯ ಹಾಸಿಗೆ ಖಾಲಿ ಮಾಡಿಟ್ಟುಕೊಳ್ಳಲಿ ಎಂದು.