ಮಿನೆಸೋಟದ ಹೊಸ ರಜೆ ಕಾನೂನಿಗೆ ನಾವು ತಯಾರಾಗಿದ್ದು ಹೀಗೆ

ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ಸಂಬಳ, ರಜೆ, ನೇಮಕಾತಿ ಎಲ್ಲವೂ ನನ್ನ ಟೇಬಲ್ಲಿಗೇ ಬರುತ್ತವೆ. ಇರೋದು ನಲವತ್ತರ ಆಸುಪಾಸು ಜನ. ರಜೆಗೆ ದುಡ್ಡು ಕೊಡುವ ಹೊಸ ಕಾನೂನು ಇಲ್ಲಿ 2026ರ ಜನವರಿ 1ರಿಂದ ಜಾರಿಯಾಯಿತು. ಸ್ವಂತ ಕಾಯಿಲೆಗೆ 12 ವಾರ, ಹುಟ್ಟಿದ ಮಗುವಿಗೋ ಮನೆಯವರ ಆರೈಕೆಗೋ 12 ವಾರ. ಎರಡೂ ಸೇರಿ ವರ್ಷಕ್ಕೆ 20 ವಾರ ದಾಟುವಂತಿಲ್ಲ.

"ದುಡ್ಡು ರಾಜ್ಯದ ನಿಧಿಯಿಂದ ಅಲ್ವಾ, ನಮಗೇನು ಕೆಲಸ?" ಅಂದರು ಮಾಲೀಕರು.

ನಿಧಿಗೆ ಕಟ್ಟುವ ಕಂತಿನ ಲೆಕ್ಕ ನಿಜಕ್ಕೂ ಸುಲಭ. ಸಂಬಳದ ಶೇ. 0.88, ಅದರಲ್ಲಿ ಅರ್ಧವಾದರೂ ಕಂಪನಿಯದ್ದೇ. ಉಳಿದಿದ್ದನ್ನು ಸಂಬಳದಲ್ಲಿ ಹಿಡಿಯಬಹುದು. ವಾರಕ್ಕೆ ಸಾವಿರ ಡಾಲರ್ ದುಡಿಯುವವರಿಗೆ 4 ಡಾಲರ್ 40 ಸೆಂಟ್. ಸಣ್ಣ ಮೊತ್ತವೇ. ಆದರೂ ಪೇ ಸ್ಲಿಪ್ಪಿನಲ್ಲಿ ಹೊಸ ಸಾಲು ಕಂಡರೆ ಜನ ಸುಮ್ನೆ ಬಿಡ್ತಾರಾ? ಡಿಸೆಂಬರಿನಲ್ಲೇ ಒಂದು ಮಾದರಿ ಸ್ಲಿಪ್ ಮಾಡಿ, ಆ ಸಾಲಿಗೆ ಕೆಂಪು ಗೆರೆ ಎಳೆದು, ಹಾಜರಿ ಯಂತ್ರದ ಪಕ್ಕ ಅಂಟಿಸಿದೆ.

ಡಿಸೆಂಬರ್ 1ರೊಳಗೆ ಪ್ರತಿಯೊಬ್ಬರಿಗೂ ಅವರವರ ಭಾಷೆಯಲ್ಲಿ ನೋಟಿಸ್ ಕೊಟ್ಟು ಸಹಿ ಪಡೆಯಬೇಕಿತ್ತು. ಸೊಮಾಲಿ, ಮಾಂಗ್, ಸ್ಪ್ಯಾನಿಷ್ ಪ್ರತಿಗಳನ್ನು ರಾಜ್ಯವೇ ಸಿದ್ಧಮಾಡಿತ್ತು. ಸುಮ್ನೆ ಕಾಗದ ಹಂಚಿ ಸಹಿ ಹಾಕಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಶಿಫ್ಟ್ ಶುರುವಾಗುವ ಹೊತ್ತಿಗೆ ಎಲ್ಲರನ್ನೂ ನಿಲ್ಲಿಸಿ ವಿವರಿಸಿದೆ. ಒಬ್ಬಾಕೆ ಕೇಳಿದಳು, "ಅತ್ತೆಗೆ ಹುಷಾರಿಲ್ಲದಿದ್ರೆ?" ಇಂಥದೇ ರಜೆಗೆ ಇಡೀ ಅಮೆರಿಕಕ್ಕೆ ಇರುವ 1993ರ ಕೇಂದ್ರ ಕಾನೂನಿನಲ್ಲಿ ಅತ್ತೆ-ಮಾವ ಲೆಕ್ಕಕ್ಕೇ ಇಲ್ಲ. ಅದರ ರಜೆಗೆ ಸಂಬಳವೂ ಇಲ್ಲ, ಐವತ್ತಕ್ಕಿಂತ ಕಮ್ಮಿ ಜನರಿರುವ ನಮ್ಮಂಥವರಿಗೆ ಅದು ಅನ್ವಯಿಸುವುದೂ ಇಲ್ಲ. ಮಿನೆಸೋಟದ ಹೊಸ ಕಾನೂನಿನಲ್ಲಿ ಅತ್ತೆ-ಮಾವ, ಅಜ್ಜ-ಅಜ್ಜಿ, ಒಡಹುಟ್ಟಿದವರು ಎಲ್ಲರೂ ಮನೆಯವರೇ. ಕೂಡುಕುಟುಂಬದಲ್ಲಿ ಬೆಳೆದ ನನಗೆ ಈ ಭಾಗ ಓದಿ ಖುಷಿಯಾಯಿತು.

ತಲೆನೋವಿದ್ದದ್ದು ಬೇರೆ ಕಡೆ: ರಜೆಗೆ ಹೋದವರ ಕೆಲಸ ಯಾರು ಮಾಡಬೇಕು? ಸೂಪರ್‌ವೈಸರ್‌ಗಳ ಜೊತೆ ಕೂತು, ಒಬ್ಬರಿಗೆ ಮಾತ್ರ ಗೊತ್ತಿರುವ ಕೆಲಸಗಳನ್ನೆಲ್ಲ ಬರೆದೆವು. ಪಟ್ಟಿ ನಾನು ಅಂದುಕೊಂಡಿದ್ದಕ್ಕಿಂತ ಉದ್ದವಾಯಿತು. ಬಿಡಿಭಾಗಗಳ ಅಳತೆ ನೋಡುವ ಯಂತ್ರಕ್ಕೆ ಪ್ರೋಗ್ರಾಂ ಬರೆಯಲು ಬರುತ್ತಿದ್ದದ್ದು ಒಬ್ಬಳಿಗೇ. ಈಗ ಶುಕ್ರವಾರ ಮಧ್ಯಾಹ್ನ ಅವಳ ಪಕ್ಕ ಇನ್ನೊಬ್ಬ ಹುಡುಗ ಕೂತು ಕಲಿಯುತ್ತಾನೆ. ಆ ಹೊತ್ತಿನ ಉತ್ಪಾದನೆ ಕಮ್ಮಿಯಾಗುತ್ತದೆ ಅಂತ ಮಾಲೀಕರು ಈಗಲೂ ಗೊಣಗುತ್ತಾರೆ, ಗೊಣಗಲಿ. 90 ದಿನ ಕೆಲಸ ಮಾಡಿದವರಿಗೆ ರಜೆ ಮುಗಿಸಿ ಬಂದಾಗ ಅದೇ ಕೆಲಸ, ಇಲ್ಲವೇ ಅದಕ್ಕೆ ಸಮನಾದದ್ದು ಕೊಡಲೇಬೇಕು. ಹಾಗಾಗಿ ಬದಲಿಗೆ ಬರುವವರಿಗೆ ಇದು ತಾತ್ಕಾಲಿಕ ಅಂತ ಮೊದಲೇ ಬರೆದು ಕೊಡುತ್ತೇವೆ.

ನಮ್ಮ ಕೈಪಿಡಿಯಲ್ಲಿ "ಮೊದಲು ಸ್ವಂತ ರಜೆ ಖಾಲಿ ಮಾಡಬೇಕು" ಅಂತಿತ್ತು. ಈ ಕಾನೂನಿನಲ್ಲಿ ಹಾಗೆ ಒತ್ತಾಯಿಸುವಂತಿಲ್ಲ, ಹೊಡೆದು ಹಾಕಿದೆ. ರಾಜ್ಯ ಕೊಡುವುದು ಪೂರ್ತಿ ಸಂಬಳವಲ್ಲ. ಕಮ್ಮಿ ಬಿದ್ದದ್ದನ್ನು ಸ್ವಂತ ರಜೆಯಿಂದ ತುಂಬಿಕೊಳ್ಳುವುದು ಅವರಿಷ್ಟ.

ಬಿಡಿಬಿಡಿಯಾಗಿ ರಜೆ ತೆಗೆದುಕೊಳ್ಳುವವರಿಗೆ ಒಂದು ಹಾಳೆ ಇಟ್ಟಿದ್ದೇನೆ. ಸೂಪರ್‌ವೈಸರ್‌ಗೆ ಕಾಣುವುದು ತಾರೀಖು ಮತ್ತು ಗಂಟೆ ಮಾತ್ರ. ಕಾಯಿಲೆಯ ಕಾಗದ ಏನಾದರೂ ಬಂದರೆ ನನ್ನ ಡ್ರಾಯರಿಗೆ ಹೋಗುತ್ತದೆ, ಅದರ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ.