ಸೊನ್ನೆ ಬರ್ತಿದ್ದ ಕರೆಂಟ್ ಬಿಲ್ ಏಕಾಏಕಿ ಏರಿದ್ರೆ ಎಲ್ಲಿ ಹುಡುಕಬೇಕು?

ಚಿಕ್ಕಮಗಳೂರಿನಲ್ಲಿ ಮಳೆ ಹಿಡಿದ ಮೇಲೆ ಫ್ಯಾನ್ ತಿರುಗೋದೇ ಇಲ್ಲ. ಆದರೂ ಜುಲೈ ಬಿಲ್ 231 ಯೂನಿಟ್ ತೋರಿಸಿತು, ಮಾಮೂಲಿ ನಮ್ಮದು 120ರ ಆಸುಪಾಸು. ಅಮ್ಮನಿಗೆ ಗೀಸರ್ ಮೇಲೆ ಅನುಮಾನ, ನನಗೆ ಮೀಟರ್ ಮೇಲೆ. ಇಬ್ಬರದ್ದೂ ತಪ್ಪು.

ಮೊದಲು ಬಿಲ್ಲನ್ನೇ ಸರಿಯಾಗಿ ಓದಿ. ಅದರಲ್ಲಿರೋ ಈಗಿನ ರೀಡಿಂಗ್‌ಗಿಂತ ಮೀಟರ್‌ನಲ್ಲಿ ಕಡಿಮೆ ಇದ್ದರೆ ಬರೆದುಕೊಂಡವರೇ ತಪ್ಪಿದ್ದಾರೆ, ಅಲ್ಲಿಗೇ ಮುಗೀತು. ಎಷ್ಟು ದಿನದ ಬಿಲ್, ಹಳೇ ಬಾಕಿ ಇದೆಯಾ, ಹೆಚ್ಚುವರಿ ಠೇವಣಿ ಸೇರಿಸಿದ್ದಾರಾ ಅಂತಲೂ ನೋಡಿ.

ಗೃಹಜ್ಯೋತಿ ಇರುವವರು ಇನ್ನೊಂದು ಗಮನಿಸಬೇಕು. ನಿಮಗೆ ಗೊತ್ತು ಮಾಡಿರೋ ಯೂನಿಟ್ ದಾಟಿ 200ರ ಒಳಗಿದ್ದರೆ ಜಾಸ್ತಿ ಆದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ಬಳಕೆ ಡಬಲ್ ಕೂಡ ಆಗದಿದ್ದರೂ ನಮ್ಮ ಬಿಲ್ ಸೊನ್ನೆಯಿಂದ ಸಾವಿರದ ಐನೂರರ ಮೇಲೆ ಹಾರಿದ್ದು ಹೀಗೆ.

ಲೆಕ್ಕ ಸರಿಯಿದ್ದರೆ ಮೀಟರ್ ಹತ್ತಿರ ಹೋಗಿ. ಮೇನ್ ಸ್ವಿಚ್ ಆಫ್ ಮಾಡಿ, ಮಿಟುಕೋ ಕೆಂಪು ದೀಪವನ್ನು ಐದು ನಿಮಿಷ ನೋಡ್ತಾ ನಿಲ್ಲಿ. ಆಗಲೂ ಮಿಟುಕ್ತಿದ್ದರೆ ತೊಂದರೆ ಮೀಟರಿನದ್ದು, ಇಲ್ಲವೇ ಅಲ್ಲಿಂದ ಮೇನ್‌ವರೆಗಿನ ವೈರಿನದ್ದು. ಸೀಲ್ ಮುಟ್ಟಬೇಡಿ, ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ನಿಂತುಹೋದರೆ ಕಳ್ಳ ಮನೆಯೊಳಗೇ ಇದ್ದಾನೆ. ಮೇನ್ ಹಾಕಿ, ಫ್ರಿಜ್ ಸೇರಿಸಿ ಎಲ್ಲಾ ಸ್ವಿಚ್ ಆರಿಸಿ, ನಿಮಿಷಕ್ಕೆ ಎಷ್ಟು ಸಲ ಮಿಟುಕುತ್ತೆ ಎಣಿಸಿ. ಮೀಟರ್ ಮೇಲೆ 3200 imp/kWh ಅಂತಿದ್ದರೆ ಅಷ್ಟು ಸಲ ಮಿಟುಕಿದಾಗ ಒಂದು ಯೂನಿಟ್. ನಿಮಿಷಕ್ಕೆ ಎಂಟೇ ಸಲ ಅಂದರೂ, ಅದು ಹಗಲೂ ರಾತ್ರಿ ಹಾಗೇ ನಡೆದರೆ ತಿಂಗಳಿಗೆ 108 ಯೂನಿಟ್! ಆಮೇಲೆ ಎಂಸಿಬಿ (ಒಂದೊಂದು ಲೈನಿಗೂ ಇರೋ ಚಿಕ್ಕ ಸ್ವಿಚ್) ಒಂದೊಂದಾಗಿ ಇಳಿಸ್ತಾ ಹೋಗಿ, ಯಾವುದು ಇಳಿಸಿದಾಗ ದೀಪ ನಿಲ್ಲುತ್ತೋ ಆ ಲೈನನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ನಮ್ಮಲ್ಲಿ ಇದರಲ್ಲೂ ಏನೂ ಸಿಗಲಿಲ್ಲ. ಗೀಸರ್ 2000 ವ್ಯಾಟಿನದ್ದು, ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ಆದರೆ ಹಂಡೆ ಒಲೆ ಬಿಟ್ಟು ನಾಲ್ಕು ವರ್ಷದಿಂದ ಅದೇ ಗೀಸರ್, ಈ ತಿಂಗಳು ಮಾತ್ರ ಅದು ಜಾಸ್ತಿ ತಿನ್ನೋಕೆ ಕಾರಣ ಇರಲಿಲ್ಲ. ಕೊನೆಗೆ ಮಲಗೋ ಮುಂಚೆ ಮೀಟರ್ ಫೋಟೋ ತೆಗೆದೆ: 4812. ಬೆಳಿಗ್ಗೆ ಆರಕ್ಕೆ 4814. ರಾತ್ರಿ ನಡೆಯೋದು ಫ್ರಿಜ್ ಒಂದೇ, ಎಂಟು ಗಂಟೆಗೆ ಅದು ಅರ್ಧ ಯೂನಿಟ್ಟೂ ತಿನ್ನಲ್ಲ.

ಮಾರನೇ ರಾತ್ರಿ ಎದ್ದು ಕೂತೆ. ಒಂದೂವರೆಗೆ ಮೋಟರ್ ಗುಂಯ್ ಅಂತು! ಟ್ಯಾಂಕಿನಲ್ಲಿ ನೀರು ಇಳಿದಾಗ ತಾನೇ ಸ್ಟಾರ್ಟ್ ಆಗೋ ಮೋಟರ್ ಅದು. ನಡುರಾತ್ರಿ ನೀರು ಇಳಿಸಿದ್ದು ಯಾರು? ಟ್ಯಾಂಕಿನಿಂದ ಹಿತ್ತಿಲಿಗೆ ಹೋಗೋ ಪೈಪಿನ ಜಾಯಿಂಟ್ ಮಣ್ಣೊಳಗೆ ಬಿಟ್ಟುಕೊಂಡಿತ್ತು. ಬೇಸಿಗೆಯಾಗಿದ್ದರೆ ಒದ್ದೆ ನೆಲ ನೋಡಿ ಅವತ್ತೇ ಗೊತ್ತಾಗ್ತಿತ್ತು, ಈ ಮಳೆಯಲ್ಲಿ ಹಿತ್ತಿಲೆಲ್ಲಾ ಕೆಸರೇ ಅಲ್ವಾ. ಒಂದು ಎಚ್‌ಪಿ ಮೋಟರ್ ಗಂಟೆಗೆ ಹೆಚ್ಚೂಕಮ್ಮಿ ಒಂದು ಯೂನಿಟ್ ಎಳೆಯುತ್ತೆ, ದಿನಕ್ಕೆ ಮೂರ್ನಾಲ್ಕು ಗಂಟೆ ಸುಮ್ನೆ ಓಡಿದರೆ ತಿಂಗಳಿಗೆ ನೂರು ದಾಟುತ್ತೆ.

ಜಾಯಿಂಟ್ ಹಾಕಿಸಿದ ದಿನ ಮತ್ತೆ ಫೋಟೋ ತೆಗೆದು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ರಾತ್ರಿಯ ನಂಬರೇ ಇತ್ತು.